ಬಂಗಡೆ, ಐಸು ಮತ್ತು ಗಾಮಾ ಕಿರಣ

ಉತ್ತರ ಕನ್ನಡದ ಬೇಲೆಕೇರಿ ಬಂದರಿಗೆ ದೋಣಿ ಬಂದ ಕೂಡಲೇ ಬಂಗಡೆ, ಶೆಟ್ಲಿಯ (ಸೀಗಡಿಯ) ಮೇಲೆ ಐಸು ಬೀಳಬೇಕು. ತಡವಾದಷ್ಟೂ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಮೀನು ಕೆಡಿಸುವವು ಕೆಲವು. ಸಾಲ್ಮೊನೆಲ್ಲಾ, ವಿಬ್ರಿಯೊದಂತೆ ಮನುಷ್ಯರನ್ನು ಮಲಗಿಸುವವು ಕೆಲವು. ಇವನ್ನು ವಿಕಿರಣದಿಂದ ಕೊಲ್ಲುವ ಯೋಚನೆ ಹಳೆಯದು. ಎಕ್ಸ್‌ರೇ ಪತ್ತೆಯಾದದ್ದು 1895ರಲ್ಲಿ. 1905ರಲ್ಲೇ ಬ್ರಿಟನ್ನಿನಲ್ಲಿ ಈ ಯೋಚನೆಗೊಂದು ಪೇಟೆಂಟ್ ಸಿಕ್ಕಿತ್ತು.

ನಮ್ಮಲ್ಲಿ ಮುಂಬೈನ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ 1967ರಲ್ಲಿ ಆಹಾರ ವಿಕಿರಣ ಪ್ರಯೋಗಾಲಯ ತೆರೆಯಿತು. ಈರುಳ್ಳಿ, ಆಲೂಗಡ್ಡೆಯಷ್ಟೇ ಅಲ್ಲ, ನಮ್ಮ ಬಂಗಡೆಯೂ ಅಲ್ಲಿ ಪರೀಕ್ಷೆಗೆ ಒಳಗಾಯಿತು. 1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವರದಿಯೊಂದು ದೊಡ್ಡ ಗದ್ದಲ ಎಬ್ಬಿಸಿತು. ಆಗಷ್ಟೇ ವಿಕಿರಣಕ್ಕೆ ಒಡ್ಡಿದ ಗೋಧಿ ತಿಂದ ಅಪೌಷ್ಟಿಕ ಮಕ್ಕಳ ರಕ್ತಕಣಗಳಲ್ಲಿ ವರ್ಣತಂತುಗಳ ಏರುಪೇರು ಕಂಡಿದೆ ಎಂದಿತ್ತು ಅದು. ಸರ್ಕಾರ ನೇಮಿಸಿದ ತಜ್ಞರು ದಾಖಲೆಗಳನ್ನೆಲ್ಲ ನೋಡಿ, ಆ ತೀರ್ಮಾನಕ್ಕೆ ಆಧಾರ ಸಾಲದು ಎಂದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿ ಆಹಾರ ಹೀರುವ ವಿಕಿರಣದ ಪ್ರಮಾಣ 10 ಕಿಲೋಗ್ರೇವರೆಗೆ ಇದ್ದರೆ ಅಪಾಯವಿಲ್ಲ ಎಂದಿತು. ಆದರೂ ಈರುಳ್ಳಿ, ಆಲೂಗಡ್ಡೆ, ಮಸಾಲೆಗೆ ನಮ್ಮಲ್ಲಿ ಅನುಮತಿ ಬಂದದ್ದು 1994ರಲ್ಲಿ.

ವಿಕಿರಣ ಎಂದರೆ ಕಾರವಾರದವರಿಗೆ ಮೊದಲು ನೆನಪಾಗುವುದು ಕೈಗಾ ಅಣುವಿದ್ಯುತ್ ಸ್ಥಾವರ. ಆ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ನಿಂತಿದ್ದರು. ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಆಹಾರಕ್ಕೆ ವಿಕಿರಣ ಕೊಡುವುದು ಬೇರೆ ವಿಷಯ. ಅದರ ಘಟಕವೆಂದರೆ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ, ನಡುವೆ ಆಳವಾದ ನೀರಿನ ಕೊಳ. ಕೋಬಾಲ್ಟ್-60 ಕಡ್ಡಿಗಳು ಆ ನೀರಿನೊಳಗೆ ನೀಲಿ ಹೊಳಪು ಬೀರುತ್ತಿರುತ್ತವೆ. ಕಡ್ಡಿಗಳನ್ನು ಮೇಲೆತ್ತಿದಾಗ ಪೆಟ್ಟಿಗೆಗಳು ಸುತ್ತ ಹಾದುಹೋಗುತ್ತವೆ. ಗಾಮಾ ಕಿರಣ ಬ್ಯಾಕ್ಟೀರಿಯಾದ ಡಿಎನ್‌ಎ ಕತ್ತರಿಸುತ್ತದೆ. ಟಾರ್ಚ್ ಬೆಳಕು ಬಿದ್ದ ಗೋಡೆ ತಾನೇ ಬೆಳಗುವುದಿಲ್ಲವಲ್ಲ, ಹಾಗೆಯೇ ಮೀನಿನಲ್ಲಿ ವಿಕಿರಣ ಉಳಿಯುವುದಿಲ್ಲ.

ಮೀನಿನ ರೋಗಾಣು ಕೊಲ್ಲಲು ಈಗಿನ ನಿಯಮ 1ರಿಂದ 7 ಕಿಲೋಗ್ರೇವರೆಗೆ ಒಪ್ಪುತ್ತದೆ. ಆದರೆ ಬಿಸಿಲಲ್ಲಿ ಬಿದ್ದ ಬಂಗಡೆಯಲ್ಲಿ ಹಿಸ್ಟಮೀನ್ ವಿಷ ಕೂಡಿಕೊಂಡರೆ ಕಿರಣವೂ ತೆಗೆಯಲಾರದು, ಒಲೆಯೂ ತೆಗೆಯಲಾರದು. ಹಾಗಾಗಿ ಐಸಿನ ಕೆಲಸ ಮೊದಲು, ಕಿರಣದ್ದು ಆಮೇಲೆ.

2000ದಲ್ಲಿ ಮಹಾರಾಷ್ಟ್ರದ ವಾಶಿಯಲ್ಲಿ ಮಸಾಲೆಗೆ ವಿಕಿರಣ ಘಟಕ ಬಂತು, ಆಮೇಲೆ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿಗೆ. ನಮ್ಮ ರಾಜ್ಯದ ಮಾಲೂರಿನಲ್ಲೂ ಇಂಥ ಘಟಕವಿದೆ, ವಿದೇಶಕ್ಕೆ ಹೋಗುವ ಮಾವಿಗಾಗಿ. ಬೇಲೆಕೇರಿಯ ಮೀನು ಅಲ್ಲಿಗೆ ಹೋಗಬೇಕಾದರೆ ಘಟ್ಟ ಹತ್ತಿ ಇಡೀ ರಾಜ್ಯ ದಾಟಬೇಕು. ಮೀನಿಗಾಗಿ ಇಂಥದ್ದೊಂದು ಕಟ್ಟುವುದೇ ಆದರೆ ಬಂದರಿನ ಹತ್ತಿರವೇ ಕಟ್ಟಲಿ. ಅದಕ್ಕೂ ಮೊದಲು ಮೀನು ತೊಳೆಯುವ ಹೆಂಗಸರಿಗೆ ಶುದ್ಧ ನೀರು, ಸಾಕಷ್ಟು ಐಸು ಸಿಗಲಿ.