ಹಳೆಯ ಹೆಂಚಿನ ಮನೆಗೊಂದು ಉಮಿಯ ಹೊದಿಕೆ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣಿನ ಫಲವತ್ತತೆಯ ಕುರಿತು ನಾನು ಮಾತನಾಡಬೇಕೆಂದು ಸಂಘಟಕರ ಅಪೇಕ್ಷೆಯಾಗಿತ್ತು. ಕ್ಷಮಿಸಿ, ಇಂದು ಮನೆಯ ಮಾಡಿನ ಕುರಿತು ಮಾತನಾಡುತ್ತೇನೆ. ಬರುವ ದಾರಿಯಲ್ಲಿ ಹೆಂಚು ಇಳಿಸಿ ತಗಡು ಏರಿಸಿದ ಮನೆಗಳನ್ನು ಎಣಿಸುತ್ತ ಬಂದೆ. ಅರ್ಧ ದಾರಿಯಲ್ಲೇ ಎಣಿಕೆ ತಪ್ಪಿತು.

ನಮ್ಮದು ಅಜ್ಜನ ಕಾಲದ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಂಗಳೂರು ಹೆಂಚು, ಅದರ ಕೆಳಗೆ ಹಲಗೆಯ ಮೇಲೆ ಮಣ್ಣು ಹಾಸಿದ ಮುಚ್ಚಿಗೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಮಲೆನಾಡಿನ ಸೋಗೆಯ ಮಾಡುಗಳು ಕ್ರಮೇಣ ಹೆಂಚಿಗೆ ತಿರುಗಿದವು. ದಪ್ಪ ಸೋಗೆ ತಾನೇ ಶಾಖವನ್ನು ತಡೆಯುತ್ತಿತ್ತು. ತೆಳು ಹೆಂಚು ಅಷ್ಟು ತಡೆಯದು. ಆ ಕೊರತೆಯನ್ನು ಮುಚ್ಚಿಗೆ ತುಂಬುತ್ತಿತ್ತು.

ತೊಲೆಗೆ ಗೆದ್ದಲು ಹತ್ತಿದ್ದರಿಂದ ನಾವು ತಾಯಿಯವರ ಕೋಣೆಯ ಮುಚ್ಚಿಗೆಯನ್ನು ಇಳಿಸಿದೆವು. ಮುಂದಿನ ಏಪ್ರಿಲಿನಲ್ಲಿ ಮಧ್ಯಾಹ್ನ ಅಲ್ಲಿ ಮಲಗುವುದು ಅಸಾಧ್ಯವಾಯಿತು. ಡಾಕ್ಟರೇಟ್ ಪಡೆದ ನಾನು ಪೇಟೆಯಿಂದ ಥರ್ಮೋಕೋಲ್ ತಂದು, ಎಡೆಯೇ ಉಳಿಯದಂತೆ ಹೆಂಚಿನ ಅಡಿಗೆ ಒತ್ತಿ ಬಿಗಿದೆ. ಸೆಖೆ ತಗ್ಗಿತು, ಬೆನ್ನು ತಟ್ಟಿಕೊಂಡೆ. ಆಷಾಢ ಕಳೆಯುವುದರೊಳಗೆ ರೀಪುಗಳು ಮೆತ್ತಗಾದವು, ಗೋಡೆಯ ಮೇಲಂಚಿಗೆ ಕಪ್ಪು ಬೂಸ್ಟು ಹಬ್ಬಿತು, ತಾಯಿಯವರ ಉಬ್ಬಸ ಹೆಚ್ಚಿತು. ಥರ್ಮೋಕೋಲ್ ಬೆಂಕಿಗೆ ಬೇಗ ತುತ್ತಾಗಿ ವಿಷಹೊಗೆ ಕಾರುತ್ತದೆಂಬುದನ್ನೂ ಆಗ ನಾನು ಯೋಚಿಸಿರಲಿಲ್ಲ.

ತಪ್ಪು ಎಲ್ಲಿತ್ತು? ಶಾಖವನ್ನು ತಡೆಯುವುದು ವಸ್ತುವಿಗಿಂತ ಹೆಚ್ಚಾಗಿ ಅದರೊಳಗೆ ಸೆರೆಯಾದ ನಿಶ್ಚಲ ಗಾಳಿ. ನೀರು ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಒದ್ದೆಯಾದ ಹೊದಿಕೆ ಹೊದಿಕೆಯೇ ಅಲ್ಲ. ಚಳಿದೇಶಗಳ ಮನೆಗಳಂತೆ ಎಲ್ಲವನ್ನೂ ಬಿಗಿಯಾಗಿ ಮುಚ್ಚುವ ಕ್ರಮ ನಾಲ್ಕು ತಿಂಗಳು ಮಳೆ ಸುರಿಯುವ ನಮ್ಮ ಸೀಮೆಗೆ ಸಲ್ಲದು. ಇಲ್ಲಿ ಬಿಸಿಲನ್ನು ತಡೆಯಬೇಕು, ತೇವವನ್ನು ಹೋಗಗೊಡಬೇಕು.

ಮರುವರ್ಷ ಎಲ್ಲವನ್ನೂ ಕಿತ್ತು ಬೇರೆ ರೀತಿ ಮಾಡಿದೆವು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಅದು. ಮೂರು ಅಂಗುಲ ಮಣ್ಣು ಹಾಸಿದರೆ 1300 ಕಿಲೋಗ್ರಾಂ ಮೀರುತ್ತದೆ. ಹಳೆಯ ತೊಲೆ ಹೊರಲಾರದು. ನಾಲ್ಕು ಅಂಗುಲ ಭತ್ತದ ಉಮಿ, ಸುಣ್ಣ ಸೇರಿದರೂ, ಎರಡು ಕ್ವಿಂಟಲ್ ದಾಟುವುದಿಲ್ಲ. ಉಮಿ ಸುಟ್ಟಾಗ ಅದರ ತೂಕದ ಸುಮಾರು ಐದನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ; ಆ ಬೂದಿಯ ಬಹುಪಾಲು ಸಿಲಿಕಾ. ಆದುದರಿಂದಲೇ ಅದು ಹುಲ್ಲಿನಂತೆ ಬೇಗ ಕೊಳೆಯದು.

ಮೊದಲು ಒಡೆದ ಹೆಂಚುಗಳನ್ನು ಬದಲಿಸಿ, ಗೆದ್ದಲು ಹಿಡಿದ ಮರ ತೆಗೆದೆವು. ತೊಲೆಗಳ ಮೇಲೆ ಅಡಿಕೆ ದಬ್ಬೆ ಒತ್ತಾಗಿ ಜೋಡಿಸಿ, ಅದರ ಮೇಲೆ ಹಳೆಯ ನೂಲಿನ ಸೀರೆಗಳನ್ನು ಎರಡು ಪದರವಾಗಿ ಹಾಸಿದೆವು. ಪ್ಲಾಸ್ಟಿಕ್ ಹಾಳೆ ಹಾಸುವ ಆಸೆ ಬರುತ್ತದೆ, ಬೇಡ. ಹತ್ತು ಬುಟ್ಟಿ ಒಣ ಉಮಿಗೆ ಒಂದು ಬುಟ್ಟಿ ಅರಳಿದ ಸುಣ್ಣದ ಪುಡಿ ಬೆರೆಸಿ ಹರಡಿದೆವು. ಬೆರೆಸುವಾಗ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಉಮಿಗೂ ಹೆಂಚಿಗೂ ನಡುವೆ ಗಾಳಿಯಾಡುವ ಎಡೆ ಬಿಟ್ಟು, ಸೂರಿನ ಎರಡು ಬದಿಗಳಲ್ಲಿ ಸಣ್ಣ ಕಣ್ಣಿನ ತಂತಿಬಲೆ ಬಿಗಿದೆವು. ಇಲಿ, ಬಾವಲಿ ಎರಡಕ್ಕೂ ಅದೇ ತಡೆ. ಒಮ್ಮೆ ಕಿಡಿ ತಗಲಿದರೆ ಉಮಿ ಒಳಗೊಳಗೇ ಹೊಗೆಯಾಡುತ್ತದೆ. ಆದ್ದರಿಂದ ವಿದ್ಯುತ್ ತಂತಿಗಳನ್ನು ಪಿವಿಸಿ ಕೊಳವೆಯೊಳಗೆ ಹಾಯಿಸಿ ಉಮಿಯಿಂದ ದೂರವಿರಿಸಬೇಕು. ಇದನ್ನು ಬಲ್ಲವರಿಂದಲೇ ಮಾಡಿಸಿ.

ಸೌದೆ ಒಲೆಯಿರುವ ಅಡುಗೆಮನೆಗೆ ಕೈ ಹಚ್ಚಬೇಡಿ. ಬೆಂಕಿಯ ಭಯ ಒಂದು. ಅಲ್ಲದೆ ಅಲ್ಲಿನ ಪಕಾಸಿಗಳನ್ನು ಇಷ್ಟು ಕಾಲ ಕಾಪಾಡಿದ್ದು ಹೊಗೆಯೇ. ಮಾಡು ಆಸ್ಬೆಸ್ಟಾಸ್ ಶೀಟಿನದಾಗಿದ್ದರೆ ಅದನ್ನು ಕೊರೆಯುವುದು, ಕತ್ತರಿಸುವುದು ಸಲ್ಲದು. ಅದರ ಧೂಳು ಕ್ಯಾನ್ಸರ್ ತರುತ್ತದೆ. ತಗಡನ್ನು ಈಗಾಗಲೇ ಹಾಕಿದವರು ಪಶ್ಚಾತ್ತಾಪ ಪಡಬೇಕಿಲ್ಲ. ಸುಡುಬಿಸಿಲಿಗೆ 60 ಡಿಗ್ರಿ ದಾಟುವ ತಗಡಿನ ಕೆಳಗೂ ಇದೇ ಮುಚ್ಚಿಗೆ ಕೆಲಸ ಮಾಡುತ್ತದೆ. ಎಡೆಯನ್ನು ತುಸು ಹೆಚ್ಚು ಬಿಡಿ.

ಗೋಡೆಯ ಬಗ್ಗೆ ಒಂದೇ ಮಾತು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ, ಒಳಗೆ ಹೊಕ್ಕ ನೀರು ಹೊರಬರಲಾರದೆ ಗೋಡೆಯನ್ನು ಕರಗಿಸುತ್ತದೆ. ಮಳೆ ಹೊಡೆಯುವ ಬದಿಗೆ ನಮ್ಮ ಹಿರಿಯರು ಕಟ್ಟುತ್ತಿದ್ದ ಸೋಗೆಯ ತಟ್ಟಿಯೇ ಸಾಕು. ಅದನ್ನು ಕಟ್ಟಲು ನಾಚಿಕೆ ಪಡುವವರನ್ನು ಕಂಡಿದ್ದೇನೆ. ಕೆಲಕಾಲ ನಾನೂ ಅವರಲ್ಲೊಬ್ಬನಾಗಿದ್ದೆ.

ಈ ಕೆಲಸಕ್ಕೆ ಬೇಸಿಗೆಯೇ ತಕ್ಕ ಕಾಲ. ಗಿರಣಿಯಿಂದ ತಂದ ಉಮಿಯನ್ನು ಮಾರ್ಚ್ ತಿಂಗಳಲ್ಲಿ ಮೂರು ದಿನ ಅಂಗಳದಲ್ಲಿ ಒಣಗಿಸಿ, ಮೊದಲ ಮಳೆಗೆ ಮುನ್ನ ಮೇಲೇರಿಸಿ. ಪ್ರತಿ ದೀಪಾವಳಿಗೆ ಏಣಿ ಹತ್ತಿ ಉಮಿಯೊಳಗೆ ಕೈಯಾಡಿಸಿ ನೋಡುತ್ತೇನೆ, ಕೆಳಗಿನಿಂದ ತಾಯಿಯವರು, "ಒಣಗಿದೆಯೇನೋ?" ಎಂದು ಕೇಳುತ್ತಾರೆ. ಎರಡು ವರ್ಷ ಒಣಗಿಯೇ ಇತ್ತು. ಕಳೆದ ವರ್ಷ ಒಂದು ಹೆಂಚು ಜಾರಿ ಮೊರದಗಲ ಜಾಗ ಒದ್ದೆಯಾಗಿತ್ತು. ಅಷ್ಟನ್ನೇ ತೆಗೆದು ಹೊಸ ಉಮಿ ತುಂಬಿದೆ.