ಮುಂಗಡ ಕೊಡುವ ಮುಂಚೆ ಓದಿ



ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹೊಲ ಮಾರಲು ಹೊರಟಿದ್ದರು. ಮಗನಿಗೆ ಬೆಂಗಳೂರಲ್ಲಿ ಫ್ಲ್ಯಾಟ್ ಕೊಡಿಸುವ ಆಸೆ. ಮನೆ ಇನ್ನೂ ಕಟ್ಟುತ್ತಿದ್ದರು. ಬೆಲೆ 40 ಲಕ್ಷ. "8 ಲಕ್ಷ ಮುಂಗಡ ಕೊಡಿ, ಕರಾರು ಆಮೇಲೆ" ಅಂದರಂತೆ ಕಟ್ಟುವವರು.

"ತಡೀರಿ ಅಕ್ಕಾ, ಮೊದಲು ಓದೋಣ" ಅಂದೆ.

2016ರ ರೇರಾ ಕಾನೂನು ಏನು ಹೇಳುತ್ತೆ? ಕರಾರು ನೋಂದಣಿ ಆಗುವ ಮುಂಚೆ ನೂರಕ್ಕೆ 10 ರೂಪಾಯಿಗಿಂತ ಹೆಚ್ಚು ತಗೊಳ್ಳುವಂತಿಲ್ಲ. ಅಕ್ಕ ತಾವೇ ಲೆಕ್ಕ ಹಾಕಿದರು. 40 ಲಕ್ಷಕ್ಕೆ 4 ಲಕ್ಷ!

ಅಳತೆ 1000 ಚದರಡಿ ಅಂದಿದ್ದರು. ಅದರಲ್ಲಿ ಮೆಟ್ಟಿಲು, ಲಿಫ್ಟಿನ ಜಾಗವೂ ಸೇರಿತ್ತು. ಮನೆಯ ಒಳಗಿನ ಜಾಗಕ್ಕೆ ಕಾರ್ಪೆಟ್ ಏರಿಯಾ ಅಂತಾರೆ. ಅದು 700 ಚದರಡಿ ಮಾತ್ರ.

ಆಮೇಲೆ ಉಪನೋಂದಣಿ ಕಚೇರಿಯ ಇ.ಸಿ. ತೆಗೆಸಿದೆವು. ಜಾಗದ ಮೇಲೆ ನೋಂದಣಿಯಾದ ಸಾಲ ಇದ್ದರೆ ಅದರಲ್ಲಿ ತಿಳಿಯುತ್ತೆ. ಅಕ್ಕ ಬೆರಳಿಟ್ಟು ಓದಿದರು: "ಅ... ಡ... ಮಾ... ನ."

ಆ ಸಾಲ ಯಾವಾಗ ತೀರುತ್ತೆ ಅಂತ ಅಕ್ಕನೇ ಕೇಳಿದರು. ಉತ್ತರ ಬರಲಿಲ್ಲ. ಅಕ್ಕ ಹಣ ಕೊಡಲಿಲ್ಲ.

ಫ್ಲ್ಯಾಟ್ ಕೊಳ್ಳುವುದು ತಪ್ಪಲ್ಲ. ಬಾಡಿಗೆ ಉಳಿಯುತ್ತೆ. ಆದರೆ ಸಾಲದ ಕಂತು, ತಿಂಗಳ ನಿರ್ವಹಣೆ ಖರ್ಚು ಎರಡನ್ನೂ ಲೆಕ್ಕ ಹಾಕಿ. ಓದದೆ ಸಹಿ ಹಾಕಬೇಡಿ.

ಹೊಲ ಇನ್ನೂ ಅಕ್ಕನದೇ. ಈ ಸಲ ರಾಗಿ ಬಿತ್ತಿದ್ದಾರೆ.