ಹಸಿರು ಹಂದರ ಹಾಕೋಣ ಬರ್ರಿ
(ಬೆಳ್ಳಿ ಹಬ್ಬದ ಪೂರ್ವಭಾವಿ ಸಭೆಯಲ್ಲಿ ಅಲಂಕಾರ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಭಾಮಂಟಪವನ್ನು ಶೃಂಗರಿಸುವ ಹೊಣೆಯನ್ನು ತಾವು ನಮ್ಮ ಸಮಿತಿಗೆ ವಹಿಸಿದ್ದೀರಿ. ಪ್ಯಾಟಿಯಿಂದ ಪ್ಲಾಸ್ಟಿಕ್ ಎಲೆ ತಂದು ಕಟ್ಟಿದರೆ ಒಂದು ತಾಸಿನ ಕೆಲಸ ಎಂದು ಕೆಲವರು ಅಂದರು. ನಮ್ಮ ವಿಚಾರ ಬ್ಯಾರೆ ಐತಿ. ಮಂಟಪದ ತುಂಬ, ಕೂತವರ ತಲೆಯ ಮೇಲೆ, ಹಸಿ ತಪ್ಪಲವನ್ನೇ ಇಳಿಬಿಡೋಣ.

ನಮ್ಮ ಭಾಗಕ್ಕೆ ಇದೇನೂ ಹೊಸದಲ್ಲ. ಸವದತ್ತಿ ಯಲ್ಲಮ್ಮನ ಜಾತ್ರೆ, ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರೇಶ್ವರನ ಜಾತ್ರೆ, 1824ರ ವಿಜಯದ ನೆನಪಿಗೆ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ ಇವನ್ನೆಲ್ಲ ಕಂಡವರು ನಾವು. ಬೈಲಹೊಂಗಲ ಕಡೆ ಮದುವೆ ಅಂದರೆ ಮೊದಲು ಹಂದರ, ಹಂದರ ಅಂದರೆ ಮಾವಿನ ತೋರಣ. ಬಾಗಿಲ ತೋರಣವನ್ನು ಇಡೀ ಮಂಟಪಕ್ಕೆ ಹಿಗ್ಗಿಸುವುದು, ಅಷ್ಟೇ.

ಆದರೆ ತೋರಣ ಹಿಗ್ಗಿದರೆ ಭಾರವೂ ಹಿಗ್ಗುತ್ತದೆ. ಒಂದು ಹಗ್ಗಕ್ಕೆ 5 ಕಿಲೋ ತಪ್ಪಲ ಎಂದು ಹಿಡಿಯಿರಿ. 40 ಹಗ್ಗಕ್ಕೆ 200 ಕಿಲೋ, ಅಂದರೆ ಎರಡು ಕ್ವಿಂಟಲ್! ನೀರು ಚಿಮುಕಿಸಿದರೆ ಇನ್ನೂ ಹೆಚ್ಚು. ಈ ಭಾರವನ್ನು ಶಾಮಿಯಾನದ ಬಟ್ಟೆಗೆ ಹೊರಿಸಬಾರದು. ನೆಲದಲ್ಲಿ ಆಳಕ್ಕೆ ಹುಗಿದ ಕಂಬ, ಅದರ ಮೇಲೆ ಅಡ್ಡ ಗಳ, ಗಳಕ್ಕೆ ಹಗ್ಗ. ಹಿಂದಿನ ದಿನವೇ ಅಷ್ಟೇ ತೂಕದ ಉಸುಕಿನ ಚೀಲ ತೂಗುಹಾಕಿ ಪರೀಕ್ಷೆ ಮಾಡಬೇಕು. ಜನ ಕೂಡ್ರುವುದು ಆಮೇಲೆ. ದೀಪ, ಕಾಯುವ ಬಲ್ಬುಗಳ ಹತ್ತಿರ ತಪ್ಪಲ ಬ್ಯಾಡ. ಒಣಗಿದ ತೆಂಗಿನ ಗರಿಗೆ ಒಂದು ಕಿಡಿ ಸಾಕು.

ಎರಡನೆಯ ಮಾತು ಗಿಡದ್ದು. ಮಾವು ಹೂ ಬಿಡುವುದು ಟೊಂಗಿಯ ತುದಿಯಲ್ಲಿ. ಚಂದ ಕಾಣಲೆಂದು ತುದಿ ಮುರಿದರೆ ಆ ಟೊಂಗಿಯ ಬರುವ ಫಸಲು ಹೋದಂತೆ. ಆದ್ದರಿಂದ ಯಾರೊಬ್ಬರ ತೋಟವನ್ನೂ ಬೋಳಿಸುವುದು ಬೇಡ. ಗಿಡ ಇದ್ದ ಪ್ರತಿ ಮನೆಯವರು ತುದಿ ಬಿಟ್ಟು, ಒಳಗಿನ ಬಲಿತ ಎಲೆ ಬಿಡಿಸಿ ಒಂದೊಂದು ಬುಟ್ಟಿ ತರಲಿ. ಹಿಂದಿನ ಸಂಜೆ ಕೊಯ್ದು, ಹಸಿ ಗೋಣಿಚೀಲ ಹೊದಿಸಿ ನೆರಳಿಗೆ ಇಟ್ಟು, ನಸುಕಿನಲ್ಲಿ ಸುತಳಿಗೆ ಪೋಣಿಸಿ ಏರಿಸಿದರೆ ಸಭೆ ಮುಗಿಯುವತನಕ ಬಾಡುವುದಿಲ್ಲ. ಕಣಗಿಲು ಎಷ್ಟೇ ಚಂದ ಕಂಡರೂ ತರಬೇಡಿ, ಅದು ದನಕ್ಕೆ ವಿಷ.

ಯಾಕಂದರೆ ಹಬ್ಬ ಮುಗಿದ ಮೇಲೆ ಇದೆಲ್ಲ ಊರಿಗೇ ತಿರುಗಿ ಹೋಗಬೇಕು. ಬಾಳೆ ಕಂಬ, ಕಬ್ಬಿನ ಹಸಿ ಸೋಗೆ ದನಕ್ಕೆ ಮೇವು. ಮಾವಿನ ತಪ್ಪಲ ತಿಪ್ಪೆಗೆ ಗೊಬ್ಬರ. ಗಳ, ಹಗ್ಗ ಕೊಟ್ಟವರ ಮನೆಗೆ. ಪ್ಲಾಸ್ಟಿಕ್ ಎಲೆಯನ್ನು ಯಾವ ದನ ತಿನ್ನಬೇಕು? ಅದು ಹಳ್ಳಕ್ಕೆ ಬಿದ್ದು ಮಲಪ್ರಭೆಗೆ ಸೇರುತ್ತದೆ. ಅಲಂಕಾರದ ಥರ್ಮೊಕೋಲನ್ನಂತೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ.

ಬಂಧುಗಳೇ, 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ತೋರಿಸಿದ್ದು ಏನು? ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರೆ ಯಾರೊಬ್ಬರ ಮೇಲೂ ಭಾರ ಬೀಳುವುದಿಲ್ಲ ಎಂಬುದನ್ನು. ಶೇರಿಗೆ ಇದ್ದ ನಿಯಮವೇ ತಪ್ಪಲಕ್ಕೂ ಇರಲಿ. ಪಟ್ಟಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಬುಟ್ಟಿ ತರುವವರು, ಕಂಬ ಹುಗಿಯುವವರು, ತೋರಣ ಪೋಣಿಸುವ ತಾಯಂದಿರು ಹೆಸರು ಬರೆಸಬೇಕೆಂದು ವಿನಂತಿಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.